ಲೇಖಕರ ಮನೆಯವರು ಸಭೆಗೆ ಬಂದದ್ದು

ಚನ್ನರಾಯಪಟ್ಟಣದ ಸಂವಾದ ಮುಗಿದ ಮರುದಿನ ಬೆಳಿಗ್ಗೆ ಲೇಖಕರ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಒಬ್ಬ ಹೆಂಗಸು. ದನಿ ಸ್ವಲ್ಪ ಒಡೆದಂತಿತ್ತು.

“ಸ್ನಾನಕ್ಕೆ ಓಗವ್ರೆ. ನಾನು ಅವ್ರ ಮನೆಯವ್ಳು. ಏನ್ ಏಳ್ಬೇಕಿತ್ತೋ ಏಳಿ, ತಿಳುಸ್ತೀನಿ.”

ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟೆ. ಕೈಯಲ್ಲಿದ್ದ ಕಾಫಿ ಆರಿ ಹೋಗುವವರೆಗೂ ಹಾಗೇ ನಿಂತಿದ್ದೆ. ಯಾಕೆಂದರೆ ಹಿಂದಿನ ದಿನವಷ್ಟೇ ಆ ಹೆಂಗಸಿಗಾಗಿ ಒಂದು ಸಭೆಯ ಜನ ಕಣ್ಣೀರು ಹಾಕಿದ್ದನ್ನು ನೋಡಿದ್ದೆ. ನಾನೂ ಹಾಕಿದ್ದೆ.

ಹಾಸನದ ಒಂದು ಸಣ್ಣ ಪ್ರಕಾಶನದಲ್ಲಿ ನನ್ನ ಕೆಲಸ. ಹೊಸ ಪುಸ್ತಕ ಬಂದಾಗ ಓದುಗರ ಸಂವಾದ ಏರ್ಪಡಿಸುವುದು ನನ್ನ ಪಾಲಿಗೆ ಬಂದಿತ್ತು. ಆ ಸಲದ ಕಾದಂಬರಿ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಗಂಡಸಿನದು. ಆಸ್ಪತ್ರೆಯಲ್ಲಿ ಅವಳು ಉಸಿರಾಟದ ಯಂತ್ರದ ಮೇಲೆ ಮಲಗಿರುತ್ತಾಳೆ, ಅವನು ದಿನಾ ಹೋಗಿ ಪಕ್ಕದಲ್ಲಿ ಕೂತು ಮಾತಾಡುತ್ತಾನೆ, ಒಂದು ದಿನ ಅವಳು ಹೋಗಿಬಿಡುತ್ತಾಳೆ. ಉಳಿದ ಪುಸ್ತಕವೆಲ್ಲ ಅವನು ಒಬ್ಬನೇ ಆ ಮನೆಯಲ್ಲಿ ಬದುಕುವುದನ್ನು ಕಲಿಯುವ ಕಥೆ. ಬರೆದವರು ಭೂಮಾಪನ ಇಲಾಖೆಯಲ್ಲಿ ಸರ್ವೇಯರು, ಮಾತು ಕಡಿಮೆ. ಪುಸ್ತಕದ ಮೊದಲ ಹಾಳೆಯಲ್ಲಿ ‘ಅವಳಿಗೆ’ ಎಂದಷ್ಟೇ ಇತ್ತು. ಅದನ್ನು ಓದಿದ ಎಲ್ಲರೂ ಒಂದೇ ಅರ್ಥ ಮಾಡಿಕೊಂಡಿದ್ದರು.

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಕೊನೆಗೆ ಹಾಸನ. ಹೀಗೆ ನಾಲ್ಕು ಕಡೆ ಸಭೆ. ನನ್ನ ಪದ್ಧತಿ ಸರಳವಾದದ್ದು. ಸಭೆಗೆ ಮೊದಲೇ ಆ ಊರಿನ ಓದುವವರನ್ನು ಹುಡುಕಿ ಪುಸ್ತಕ ತಲುಪಿಸುತ್ತೇನೆ. ತಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಪುಟಕ್ಕೆ ಗುರುತು ಹಾಕಿಕೊಂಡು ಬರಲು ಹೇಳುತ್ತೇನೆ. ಹಾರ ಇಲ್ಲ, ಸ್ವಾಗತ ಭಾಷಣ ಇಲ್ಲ. ವೇದಿಕೆಯ ಕುರ್ಚಿ ಕೆಳಗಿಳಿಸಿ ಲೇಖಕರನ್ನು ಓದುಗರ ಎದುರಿಗೇ ಕೂರಿಸುತ್ತೇನೆ. ಮೊದಲು ಓದುಗರು, ಕಟ್ಟಕಡೆಗೆ ಲೇಖಕರು. ಮೈಕು ಮಾತ್ರ ನನ್ನ ಕೈಯಲ್ಲೇ ಇರುತ್ತದೆ. ಯಾರಿಗೆ ಮಾತು ಬರುತ್ತಿದೆ ಎಂದು ಮುಖ ನೋಡಿ, ಅವರ ಹತ್ತಿರ ನಡೆದುಕೊಂಡು ಹೋಗಿ ಕೊಡಬೇಕು. ಒಬ್ಬರೇ ಬಹಳ ಎಳೆದರೆ ಮೆಲ್ಲಗೆ ವಾಪಸ್ ತೆಗೆದುಕೊಳ್ಳಬೇಕು. ಈ ಕೆಲಸದ ಅರ್ಧ ಪಾಲು ಅಷ್ಟೇ.

ಚನ್ನರಾಯಪಟ್ಟಣದಲ್ಲಿ ಒಬ್ಬರು ಕೊಬ್ಬರಿ ವ್ಯಾಪಾರಿ ಎದ್ದು ನಿಂತಿದ್ದರು. ಐವತ್ತೈದು ದಾಟಿದ, ಎತ್ತರದ ಆಳು. ಹೆಂಡತಿ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತಂತೆ. ಮಗಳು ತಂದುಕೊಟ್ಟ ಈ ಪುಸ್ತಕ ಅವರು ಬದುಕಿನಲ್ಲಿ ಪೂರ್ತಿ ಓದಿದ ಮೊದಲ ಕಾದಂಬರಿ. ಮೈಕನ್ನು ಬಾಯಿಂದ ದೂರ ಹಿಡಿದು ಲೇಖಕರನ್ನೇ ನೋಡುತ್ತಾ ಅಂದರು: “ನಂಗೊಬ್ಬಂಗೇ ಇಂಗಾಗಿರೋದು ಅಂದ್ಕಂಡಿದ್ದೆ ಸಾ. ನೀವೂ ಇದ್ನ ದಾಟ್ಕಂಡು ಬಂದಿದ್ದೀರಿ. ಅಂಗಾರೆ ದಾಟ್ಬೋದು. ಅಷ್ಟು ಗೊತ್ತಾಯ್ತು ನೋಡಿ, ಆವತ್ತಿಂದ ನಿದ್ದೆ ಬತ್ತಾ ಅದೆ.”

ಲೇಖಕರು ತಲೆ ತಗ್ಗಿಸಿದರು. ದುಃಖ ಉಕ್ಕಿತೇನೋ ಎಂದು ನಾನು ಮೈಕನ್ನು ಬೇರೆಯವರಿಗೆ ಕೊಟ್ಟೆ. ಆ ತಲೆ ತಗ್ಗಿದ್ದು ಯಾಕೆ ಎಂದು ಮರುದಿನ ಆ ಫೋನ್ ಇಟ್ಟ ಮೇಲೆ ತಿಳಿಯಿತು.

ಅವತ್ತೇ ಮಧ್ಯಾಹ್ನ ಸ್ಕೂಟರ್ ಹತ್ತಿ ದುದ್ದಕ್ಕೆ ಹೋದೆ. ಅವರ ಮನೆ ಅಲ್ಲೇ ಇರುವುದು. ಬಾಗಿಲು ತೆಗೆದವರ ಕುತ್ತಿಗೆಯ ಗುಳಿಯಲ್ಲಿ ಕಾಸಿನಗಲದ ಗಾಯದ ಕಲೆ ಇತ್ತು. ನಾನು ಅದನ್ನೇ ನೋಡುತ್ತಿರುವುದು ಕಂಡು, “ಉಸಿರಾಡಕ್ಕೆ ಇಲ್ಲೊಂದು ತೂತು ಕೊರೆದಿದ್ರು ಕಣವ್ವ. ದನಿ ಎಕ್ಕುಟ್ಟೋಯ್ತು. ಮುಂಚೆ ಚೆನ್ನಾಗಿ ಸೋಬಾನೆ ಏಳ್ತಿದ್ದೆ,” ಎಂದು ನಕ್ಕು ಒಳಗೆ ಕರೆದರು.

ಲೇಖಕರು ಗೋಡೆಗೆ ಒರಗಿ ಕೂತು ಹೇಳಿದರು. ಎರಡು ವರ್ಷದ ಹಿಂದೆ ಹೆಂಡತಿ ವೆಂಟಿಲೇಟರ್ ಮೇಲೆ ಬಹಳ ದಿನ ಇದ್ದರು. ಇನ್ನು ಆಸೆ ಇಟ್ಟುಕೊಳ್ಳಬೇಡಿ, ನೆಂಟರಿಗೆ ತಿಳಿಸಿ ಎಂದು ವೈದ್ಯರು ಅಂದರು. ಮನೆಗೆ ಬಂದು ಲೇಖಕರು ಬರೆಯಲು ಕೂತರು. ಸತ್ತದ್ದು, ಮಣ್ಣು ಮಾಡಿದ್ದು, ಆಮೇಲಿನ ಮನೆ, ಎಲ್ಲ ಅವರ ಮನಸ್ಸಿನಲ್ಲಿ ಆಗಿಹೋಯಿತು. ಅಷ್ಟರಲ್ಲಿ ಹೆಂಡತಿ ಕಣ್ಣು ಬಿಟ್ಟರು.

“ನಾನು ಎದ್ದು ಮನೆಗೆ ಬಂದ್ರೂ ಇವ್ರ ಅಳು ನಿಲ್ನಿಲ್ಲ,” ಎಂದರು ಹೆಂಡತಿ. “ಎದ್ರುಗೇ ಕೂತಿದ್ದೀನಿ, ನನ್ನ ನೋಡ್ಕಂಡೇ ಅಳೋರು. ಬರ್ದು ಮುಗ್ಸಿ ಅತ್ಲಾಗೆ, ಅಂದೆ.”

“ಸಭೆಯಲ್ಲಿ ಹೇಳಬಹುದಿತ್ತಲ್ಲ ಸರ್.”

“ಯಾರೂ ಕೇಳಲಿಲ್ಲ,” ಎಂದರು ಲೇಖಕರು. ಆಮೇಲೆ, “ಆ ಕೊಬ್ಬರಿಯವರ ಮುಖ ನೋಡಿ ಬಾಯಿ ಬರಲಿಲ್ಲ,” ಎಂದರು.

ಪ್ರಕಾಶಕರಿಗೆ ಹೇಳಿದೆ. ಅವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. “ಕಾದಂಬರಿ ಅಂದ್ಮೇಲೆ ಕಾದಂಬರಿ. ಕೊಲೆ ಬಗ್ಗೆ ಬರೆದವನು ಕೊಲೆ ಮಾಡಿರಬೇಕೇನಮ್ಮ? ನಾವು ಎಲ್ಲೂ ಸುಳ್ಳು ಹೇಳಿಲ್ಲ. ಹಾಸನದ ಸಭೆ ಮುಗಿಯೋವರೆಗೂ ಸುಮ್ಮನಿರು.” ವಾದದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಆ ವ್ಯಾಪಾರಿ ನನ್ನ ನಂಬರು ತೆಗೆದುಕೊಂಡಿದ್ದರು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ಫೋನ್ ಮಾಡಿ, “ಸಾಹೇಬ್ರು ಆರಾಮಾಗವ್ರಾ?” ಎಂದು ಲೇಖಕರ ಕ್ಷೇಮ ಕೇಳುತ್ತಿದ್ದರು. ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಾರಾ, ಮನೆಯಲ್ಲಿ ಜೊತೆಗೆ ಯಾರಾದರೂ ಇದ್ದಾರಾ ಎಂದೂ ಒಂದು ದಿನ ಕೇಳಿದರು. ಇದ್ದಾರೆ ಅಂದೆ. ಅವರಿಗೆ ಸಮಾಧಾನವಾಯಿತು. ಯಾರೆಂದು ಹೇಳದೆ ಫೋನ್ ಇಟ್ಟೆ.

ಹೊಳೆನರಸೀಪುರದ ಸಭೆಗೂ ಅವರು ಬಂದರು. ಒಬ್ಬರೇ ಬರಲಿಲ್ಲ, ಹಳ್ಳಿಮೈಸೂರಿನ ಕಡೆಯ ತಮ್ಮ ಪರಿಚಯದ ಇಬ್ಬರನ್ನು ಕರೆತಂದಿದ್ದರು. ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು. ಪುಸ್ತಕವನ್ನು ತಾವೇ ಕೊಂಡು ಅವರಿಗೆ ಓದಿಸಿದ್ದರು. ಮೂವರೂ ಮೊದಲ ಸಾಲಿನಲ್ಲಿ ಕೂತರು.

ಸಭೆ ಚೆನ್ನಾಗಿಯೇ ಶುರುವಾಯಿತು. ಒಬ್ಬ ಹುಡುಗಿ ನಡುವಿನ ಅಧ್ಯಾಯಗಳು ಬಹಳ ನಿಧಾನ ಎಂದಳು. ಗಂಡನನ್ನು ಕಳೆದುಕೊಂಡ ಒಬ್ಬ ಅಂಗನವಾಡಿ ಶಿಕ್ಷಕಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ಹೆಂಡ್ತಿ ಹೋದ ಗಂಡಸು ಅತ್ರೆ ಇಡೀ ಊರೇ ತಟ್ಟೆ ಹಿಡ್ಕೊಂಡು ಬರುತ್ತೆ. ಇದರಲ್ಲೂ ಪಕ್ಕದ ಮನೆಯೋರು ಸಾರು ತಂದುಕೊಡ್ತಾರೆ. ನಮ್ಮನೆ ಬಾಗಿಲಿಗೆ ಯಾರೂ ಬರಲಿಲ್ಲ ಸರ್. ನಾನು ಗುರುತು ಹಾಕಿದ ಪುಟ ಅದೇ,” ಎಂದರು. ಲೇಖಕರು ಆ ಮಾತನ್ನು ಬರೆದುಕೊಂಡರು.

ಆಗ ಕೊಬ್ಬರಿ ವ್ಯಾಪಾರಿ ಕೈ ಎತ್ತಿದರು. ನಾನು ಬೇರೆ ಕಡೆ ನೋಡಿದೆ. ಮೈಕಿಗೆ ಕಾಯದೆ ಅವರು ಎದ್ದೇ ಬಿಟ್ಟರು.

“ಸಾ, ಒಂದು ಮಾತು. ನಿಮ್ ಮನೆಯೋರು ಓಗಿ ಎಷ್ಟು ವರ್ಸ ಆಯ್ತು? ಎಷ್ಟು ದಿನುಕ್ಕೆ ನಿಮಗೆ ಸ್ವಲ್ಪ ಅಗುರ ಆಯ್ತು? ಇವ್ರಿಗೂ ತಿಳ್ಕಬೇಕಂತೆ.”

ಲೇಖಕರ ತುಟಿ ಅಲುಗಿತು. ಬಿಸಿಲಿನಲ್ಲಿ ನಿಂತವರ ಹಾಗೆ ಹಣೆ ಬೆವರಿತು. ನಾನು ನಡುವೆ ಹೋಗಿ ನಿಂತು, ಟೀ ಬಂದಿದೆ, ಕುಡಿದು ಮುಂದುವರಿಸೋಣ ಎಂದೆ. ಟೀ ಇನ್ನೂ ಬಂದಿರಲಿಲ್ಲ. ಜನ ಎದ್ದು ನಿಂತು ಅತ್ತಿತ್ತ ನೋಡಿದರು. ವ್ಯಾಪಾರಿ ಮಾತ್ರ ತಾನೇ ಏನೋ ತಪ್ಪು ಮಾಡಿದೆನೆಂದು ಕೈ ಮುಗಿದು ಕೂತರು.

ವಾಪಸ್ ಬರುವಾಗ ಕಾರಿನಲ್ಲಿ ಲೇಖಕರು ಇನ್ನು ಯಾವ ಸಭೆಗೂ ಬರುವುದಿಲ್ಲ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಜ್ವರ ಬಂದವರ ದನಿಯಲ್ಲಿ ಹೇಳಿದರು. ಅರಕಲಗೂಡಿನಲ್ಲಿ ಕಾಲೇಜಿನ ಸಭಾಂಗಣ ಗೊತ್ತು ಮಾಡಿಯಾಗಿತ್ತು, ಪುಸ್ತಕಗಳು ತಲುಪಿದ್ದವು. ಸಂಜೆ ದುದ್ದದಿಂದ ಅದೇ ಒಡೆದ ದನಿಯ ಫೋನ್ ಬಂತು.

“ಅರಕಲಗೂಡಿಗೆ ಇವ್ರು ಬತ್ತಾರೆ. ನಾನೂ ಬತ್ತೀನಿ. ಬದುಕಿರೋಳ್ನ ಎಷ್ಟು ದಿನ ಅಂತ ಮುಚ್ಚಿಡ್ತೀರವ್ವ?”

ಪ್ರಕಾಶಕರನ್ನು ಕೇಳಿದರೆ ಬೇಡ ಅನ್ನುತ್ತಾರೆ ಎಂದು ಗೊತ್ತಿತ್ತು. ಕೇಳಲಿಲ್ಲ. ಆಯಿತು ಬನ್ನಿ ಎಂದೆ. ಆದರೆ ಇಡೀ ಸಭೆಯ ನಡುವೆ, ತಾವು ಕರೆತಂದವರ ಎದುರಿಗೆ, ಆ ಮನುಷ್ಯನಿಗೆ ಈ ಸಂಗತಿ ತಿಳಿಯಬಾರದು ಅನ್ನಿಸಿತು. ಮೊದಲು ಅವರೊಬ್ಬರಿಗೇ ಹೇಳಬೇಕು. ಹೇಳಬೇಕಾದವಳು ನಾನೇ. ಸಭೆಗೆ ಹಿಂದಿನ ದಿನ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾಕ್ಯ ಕೂಡಿಸಿದೆ, ಅಳಿಸಿದೆ.

ಅಂಗಡಿಯಲ್ಲಿ ಗೋಣಿಚೀಲಗಳ ನಡುವೆ ಕೂತಿದ್ದರು. ಉಂಡೆ ಕೊಬ್ಬರಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಎಂದು ಕೇಳುತ್ತಿದ್ದರು. ನನ್ನನ್ನು ನೋಡಿ ಎದ್ದು, ತಾವೇ ಕುರ್ಚಿ ಒರೆಸಿ ಕೊಟ್ಟರು. ನಾನು ನೀರೂ ಕುಡಿಯದೆ ಹೇಳಿಬಿಟ್ಟೆ. ಲೇಖಕರ ಹೆಂಡತಿ ಇದ್ದಾರೆ. ಸಾಯುತ್ತಾರೆ ಎಂದು ವೈದ್ಯರು ಹೇಳಿದಾಗ ಬರೆಯಲು ಶುರು ಮಾಡಿದ್ದು, ಆಮೇಲೆ ಅವರು ಉಳಿದರು.

ವ್ಯಾಪಾರಿ ಕೊಬ್ಬರಿಯನ್ನು ಮೆಲ್ಲಗೆ ರಾಶಿಯ ಮೇಲೆ ಇಟ್ಟರು.

“ಒಬ್ರು ಜೊತೆಗವ್ರೆ ಅಂದ್ಕಂಡಿದ್ದೆ ಮೇಡಂ,” ಎಂದರು. “ಒಬ್ರು ಕಮ್ಮಿ ಆದ್ರು.”

ಏನಾದರೂ ಸಮಾಧಾನ ಹೇಳಲು ಹೋದೆ. ಅವರು ತಡೆದರು. “ನೀವು ಬಂದು ಏಳಿದ್ದು ಒಳ್ಳೇದೇ ಆಯ್ತು. ಬಸ್ಸಿಗೆ ಒತ್ತಾಯ್ತದೆ, ಒರಡಿ.” ಬೈದಿದ್ದರೆ ನನಗೆ ವಾಸಿ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅವರ ನಿದ್ದೆಯ ಮಾತು ನೆನಪಾಯಿತು. ದಾಟಬಹುದು ಎಂದು ನಂಬಿ ಬದುಕುತ್ತಿದ್ದ ಮನುಷ್ಯನ ಕಾಲ ಕೆಳಗಿನ ಹಲಗೆಯನ್ನು ನಾನೇ ಎಳೆದು ಬಂದಂತಾಯಿತಲ್ಲ ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ಅವರ ಫೋನ್ ಬರಲಿಲ್ಲ. ನಾನೇ ಮಾಡಿದೆ. ಎತ್ತಿದ್ದು ಮಗಳು.

“ಅಪ್ಪ ಮೊಬೈಲ್ ಇಲ್ಲೇ ಬಿಟ್ಟು ಹೋಗಿದ್ದಾರೆ ಮೇಡಂ. ಗಾಡಿನೂ ಮನೆ ಮುಂದೆನೇ ಇದೆ. ಅಂಗಡಿ ಬಾಗಿಲು ತೆಗೆದಿಲ್ಲ. ನಿನ್ನೆ ಊಟ ಮಾಡದೆ ಮಲಗಿದ್ರು. ನೀವೇನಾದರೂ ಹೇಳಿದ್ರಾ?”

ಹೇಳಿದ್ದನ್ನು ಹೇಳಿದೆ. ಆ ಕಡೆ ಅವಳು ಅಳತೊಡಗಿದಳು. ಅಕ್ಕಪಕ್ಕದವರನ್ನು ಹುಡುಕಲು ಕಳಿಸಿ, ಪೊಲೀಸರಿಗೂ ತಿಳಿಸಿ, ಏನೇ ಗೊತ್ತಾದರೂ ಫೋನ್ ಮಾಡಿ ಎಂದೆ. ಹಳ್ಳಿಮೈಸೂರಿನ ಆ ಇಬ್ಬರಿಗೂ ಫೋನ್ ಮಾಡಿದೆ. ಅವರಿಗೂ ಗೊತ್ತಿರಲಿಲ್ಲ. ಸಭೆ ನಿಲ್ಲಿಸಿಬಿಡೋಣ ಅನ್ನಿಸಿತು. ಆದರೆ ಅವರು ಹೋಗಬಹುದಾದ ಜಾಗಗಳಲ್ಲಿ ನನಗೆ ಗೊತ್ತಿದ್ದದ್ದು ಅರಕಲಗೂಡಿನ ಆ ಸಭಾಂಗಣ ಒಂದೇ. ಅಲ್ಲೇ ಇರಬೇಕು ಎಂದುಕೊಂಡು ಹೊರಟೆ.

ಅರಕಲಗೂಡಿನಲ್ಲಿ ಕುರ್ಚಿ ಜೋಡಿಸಿದೆ, ಮೈಕು ಪರೀಕ್ಷಿಸಿದೆ, ಬಂದವರನ್ನು ಕೂರಿಸಿದೆ. ಕೈ ತಾನೇ ಕೆಲಸ ಮಾಡುತ್ತಿತ್ತು, ಕಣ್ಣು ಬಾಗಿಲ ಮೇಲಿತ್ತು. ಮಗಳಿಂದ ಫೋನ್ ಬಂದಾಗಲೆಲ್ಲ ಹೊರಗೆ ಓಡುತ್ತಿದ್ದೆ. ಕೆರೆ ಕಡೆ ನೋಡಿದ್ದಾಯಿತು, ಸಿಗಲಿಲ್ಲ ಎಂದಳು. ಕೆರೆ ಎಂಬ ಮಾತು ಕೇಳಿ ಗೇಟಿನವರೆಗೆ ಹೋಗಿ ರಸ್ತೆ ನೋಡಿ ಬಂದೆ.

ಲೇಖಕರು ಹೆಂಡತಿಯೊಡನೆ ಬಂದು ಕೂತರು. ಪಕ್ಕದಲ್ಲಿರುವುದು ಯಾರೆಂದು ಯಾರೂ ಕೇಳಲಿಲ್ಲ. ಸಭೆ ಶುರುವಾದ ಮೇಲೆ ನಾನು ಮೊದಲ ಓದುಗರಿಗೆ ಕೊಡಬೇಕಾದ ಮೈಕನ್ನು ತೆಗೆದುಕೊಂಡು ಹೋಗಿ ಆಕೆಯ ಕೈಗಿಟ್ಟೆ.

“ಈ ಪುಸ್ತಕದಾಗೆ ಸತ್ತೋಗ್ತಳಲ್ಲ, ಅವ್ಳು ನಾನೇ ಕಣ್ರಪ್ಪ,” ಎಂದರು ಆಕೆ. “ಎದ್ದು ಬಂದ್ಬುಟ್ಟೆ. ಬರ್ದಿರೋದು ಬರ್ದಂಗೇ ಉಳೀತು.”

ಒಂದಿಬ್ಬರು ನಕ್ಕರು. ಹಿಂದಿನ ಸಾಲಿನಿಂದ ಒಬ್ಬ ಯುವಕ ಎದ್ದು, “ನಾವು ಅತ್ತಿದ್ದು ಸುಳ್ಳಿಗಾ ಹಾಗಾದ್ರೆ?” ಎಂದು ಕೇಳಿ ಪುಸ್ತಕವನ್ನು ಕುರ್ಚಿಯ ಮೇಲೆ ಇಟ್ಟು ಹೊರಟುಹೋದ. ಅವನ ತಾಯಿ ಅಂಥದೇ ಆಸ್ಪತ್ರೆ ವಾರ್ಡಿನಿಂದ ಬದುಕಿ ಬಂದಿರಲಿಲ್ಲವೆಂದು ಆಮೇಲೆ ಪಕ್ಕದವರು ಹೇಳಿದರು. ಲೇಖಕರು ಅವನ ಹಿಂದೆಯೇ ಬಾಗಿಲವರೆಗೆ ಹೋದರು. ಅವನು ನಿಲ್ಲಲಿಲ್ಲ. ಬಾಗಿಲಲ್ಲೇ ನಿಂತಿದ್ದ ಲೇಖಕರು ಯಾರಿಗೋ ದಾರಿ ಬಿಟ್ಟರು. ಒಳಗೆ ಬಂದವರು ಕೊಬ್ಬರಿ ವ್ಯಾಪಾರಿ.

ಅಂಗಿ ಬೆವರಿಗೆ ಅಂಟಿಕೊಂಡಿತ್ತು. ನಾನು ಅಲ್ಲೇ ನಿಂತು ಮಗಳಿಗೆ ‘ಬಂದಿದ್ದಾರೆ, ಇಲ್ಲೇ ಇದ್ದಾರೆ’ ಎಂದು ಮೆಸೇಜು ಹಾಕಿದೆ.

ಅವರು ನನ್ನನ್ನು ದಾಟಿ ನೇರ ಆಕೆಯ ಎದುರಿಗೆ ಹೋಗಿ ನಿಂತರು. “ಪುಸ್ತಕದಾಗಿರೋ ವಿಳಾಸ ಇಡ್ಕಂಡು ದುದ್ದಕ್ಕೆ ಓಗಿದ್ದೆ ಅಮ್ಮಾ, ನಿಮ್ಮನ್ನ ನೋಡನ ಅಂತ. ಬೀಗ ಆಕಿತ್ತು. ಪಕ್ಕದ ಮನೆಯೋರು ಇಲ್ಲಿಗೆ ಓಗವ್ರೆ ಅಂದ್ರು. ಗಾಡಿ ಓಡ್ಸೋ ಗ್ಯಾನ ಇರ್ನಿಲ್ಲ, ಬಸ್ಸಿಗೇ ಬಂದೆ.”

“ಕೂತ್ಕಳಣ್ಣ.”

ಅವರು ಕೂರಲಿಲ್ಲ. “ಒಂದು ಮಾತು ಕೇಳ್ಬೇಕು. ಡಾಕ್ಟ್ರ ಕೇಳ್ದೆ, ಅವ್ರು ಸರ್ಯಾಗಿ ಏಳ್ನಿಲ್ಲ. ಇನ್ಯಾರ ಕೇಳನ, ಎದ್ದು ಬಂದೋರು ಯಾರೂ ಇರ್ನಿಲ್ಲ. ನಮ್ಮನೆಯವ್ಳೂ ಅದೇ ಮಿಸಿನ್ ಮೇಲೇ ಓಗಿದ್ದು. ದಿನಾ ಒಳಗ್ ಬುಡೋರು, ಸ್ವಲ್ಪ ಒತ್ತು. ಪಕ್ಕದಾಗೆ ಕೂತು ಮಾತಾಡ್ತಿದ್ದೆ. ಅದು ಕೇಳುಸ್ತದಾ ಅಮ್ಮಾ?”

ಕೇಳಿಸುತ್ತದೆ ಎಂದು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಆಕೆ ಯೋಚಿಸಿ ಹೇಳಿದರು.

“ಎಲ್ಲಾ ಕೇಳುಸ್ತು ಅಂದ್ರೆ ಸುಳ್ಳಾಯ್ತದೆ ಅಣ್ಣ. ಮಾತು ತಿಳೀತಿರ್ನಿಲ್ಲ. ಕನಸು ಯಾವ್ದು ನಿಜ ಯಾವ್ದು ಗೊತ್ತಾಯ್ತಿರ್ನಿಲ್ಲ. ನಂಗೆ ಗೊತ್ತಾಗಿದ್ದು ಒಂದೇ, ಯಾರೋ ನಮ್ಮೋರು ಅತ್ರದಾಗವ್ರೆ ಅಂತ. ಆ ದನಿ ಇದ್ರೆ ಎದರಿಕೆ ಆಗ್ತಿರ್ನಿಲ್ಲ. ನಿಮ್ಮೋರಿಗೆ ಎಂಗಾಯ್ತೋ ನಾ ಎಂಗೇಳ್ಲಿ. ನಂಗಾಗಿದ್ದು ಇದು.”

ವ್ಯಾಪಾರಿ ಕುರ್ಚಿ ಹಿಡಿದು ಕೂತರು. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಲೇಖಕರ ಕಡೆ ತಿರುಗಿದರು.

“ನಿಮ್ ಪುಸ್ತಕದಾಗೆ ಆಯಪ್ಪ ಎಷ್ಟು ಚೆಂದಾಗಿ ಮಾತಾಡ್ತಾನೆ ಸಾ, ಎಂಡ್ತಿ ಪಕ್ಕ ಕೂತ್ಕಂಡು. ಮದುವೆ ದಿನದ್ದು, ಮಳೇದು, ಎಲ್ಲಾ. ನಾನು ಗುರುತಾಕಿದ್ದು ಅದ್ನೇ. ನಂಗೆ ಏನ್ ಮಾತಾಡ್ಬೇಕು ಅಂತ್ಲೇ ತಿಳೀತಿರ್ನಿಲ್ಲ. ದಿನಾ ಕೊಬ್ರಿ ರೇಟು ಏಳ್ಕಂಡು ಕೂತಿದ್ದೆ. ಇವತ್ತು ಏರ್ತು, ಇವತ್ತು ಇಳೀತು ಅಂತ. ಕೊನೇ ದಿನವೂ ಅದ್ನೇ ಏಳಿ ಎದ್ದು ಬಂದೆ.”

ಮೂರು ಊರಿನ ಸಭೆಗಳಲ್ಲಿ ಲೇಖಕರು ತಾವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಈಗ ಹತ್ತಿರ ಬಂದು ಹೆಂಡತಿಯ ಕಡೆ ಕೈ ಚಾಚಿ ಮೈಕು ಕೇಳಿದರು. “ನಾನೂ ಅದೇ,” ಎಂದರು. “ಒಂದು ಜಮೀನು ಪಾಲು ಮಾಡೋ ಪೋಡಿ ಗಲಾಟೆ ನಡೀತಿತ್ತು. ಅಣ್ಣತಮ್ಮಂದಿರು ಬದುವಿಗೆ ಹೊಡೆದಾಡ್ತಿದ್ರು. ಅಳತೆಗೆ ಹೋಗಿದ್ದೆ, ಸರಪಳಿ ಹಿಡಿಯೋಕೆ ಬಿಡಲಿಲ್ಲ ಅಂತ ದಿನಾ ಇವಳಿಗೆ ಅದನ್ನೇ ವರದಿ ಒಪ್ಪಿಸ್ತಿದ್ದೆ. ಪುಸ್ತಕದಲ್ಲಿರೋ ಮಾತು ಒಂದನ್ನೂ ಆಡಲಿಲ್ಲ. ಆಡೋಕೆ ಆಗಲಿಲ್ಲ ಅಂತಲೇ ಬರೆದದ್ದು.”

“ಆ ಪೋಡಿ ಇನ್ನೂ ಆಗಿಲ್ಲ,” ಎಂದರು ಹೆಂಡತಿ.

ಜನ ನಕ್ಕರು. ವ್ಯಾಪಾರಿಯೂ ನಕ್ಕರು, ನಗುತ್ತಲೇ ಟವಲನ್ನು ಮುಖಕ್ಕೆ ಒತ್ತಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಮಾತಾಡತೊಡಗಿದರು. ಪುಸ್ತಕದ ಬಗ್ಗೆ ಅಲ್ಲ. ಆಸ್ಪತ್ರೆಯಲ್ಲಿ ತಾವು ಏನು ಹೇಳಿದ್ದೆವು ಎಂದು. ಒಬ್ಬರು ಗ್ಯಾಸ್ ಸಿಲಿಂಡರ್ ಬಂದ ವಿಷಯ ಹೇಳಿದ್ದರಂತೆ. ಒಬ್ಬರು ಬೈದಿದ್ದರಂತೆ, ನನ್ನನ್ನು ಬಿಟ್ಟು ಮಲಗಿದ್ದೀಯಲ್ಲ ಎಂದು. ಮೈಕು ಯಾರ ಕೈಯಿಂದ ಯಾರ ಕೈಗೆ ಹೋಯಿತೋ ನಾನು ನೋಡಲಿಲ್ಲ. ಹಿಂದಿನ ಕುರ್ಚಿಯೊಂದರಲ್ಲಿ ಕೂತುಬಿಟ್ಟಿದ್ದೆ.

ವ್ಯಾಪಾರಿಯನ್ನು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿಗೆ ಹತ್ತಿಸಲು ನಾವು ಮೂವರೂ ಹೋದೆವು. ನನ್ನ ಫೋನಿನಿಂದ ಅವರು ಮಗಳ ಹತ್ತಿರ ಮಾತಾಡಿದರು. ಬೈಸಿಕೊಂಡರು. “ಆಯ್ತು ಕಣವ್ವ, ಆಯ್ತು. ಅನ್ನ ಇಟ್ಟಿರು, ಬತ್ತಾ ಇವ್ನಿ,” ಎಂದರು. ಬಸ್ಸು ಹೊರಡುವಾಗ ಲೇಖಕರ ಹೆಂಡತಿ ಕಿಟಕಿಯ ಹತ್ತಿರ ಹೋಗಿ ತಮ್ಮ ನಂಬರು ಬರೆದುಕೊಟ್ಟರು.

“ನಮ್ಮನೇಲೂ ನಾಕು ತೆಂಗಿನ ಮರ ಅವೆ ಅಣ್ಣ. ರೇಟು ಗೊತ್ತಾದ್ರೆ ನಂಗೂ ಒಂದು ಮಾತು ಏಳಿ.”

ಹಾಸನದ ಸಭೆಗೆ ಮೊದಲು ಪ್ರಕಾಶಕರು ನನ್ನನ್ನು ಕರೆದು ಸಾಕಷ್ಟು ಬೈದರು. ಅರಕಲಗೂಡಿನಿಂದ ಕೆಲವರು ಪುಸ್ತಕ ವಾಪಸ್ ಕಳಿಸಿದ್ದರು. ಆ ಯುವಕನಿಗೆ ಲೇಖಕರು ಎರಡು ಸಲ ಫೋನ್ ಮಾಡಿದರು, ಅವನು ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ. ನಾನು ಮಾಡಿದ್ದು ಸರಿಯೇ ಎಂದು ಕೇಳಿದರೆ ಅವನ ಮುಖ ಅಡ್ಡ ಬರುತ್ತದೆ.

ಹಾಸನದಲ್ಲಿ ಜನ ಹೆಚ್ಚು ಸೇರಿದ್ದರು. ಲೇಖಕರ ಹೆಂಡತಿ ಇದ್ದಾರೆ ಎಂಬ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆ. ಎಲ್ಲರೂ ಮೊಬೈಲ್ ಆಫ್ ಮಾಡಿ ಎಂದು ಹೇಳಿ ಶುರು ಮಾಡಿದೆ. ಒಬ್ಬರು ಪ್ರಾಧ್ಯಾಪಕರು ಸಾವಿನ ಬಗ್ಗೆ ಉದ್ದದ ಪ್ರಶ್ನೆಯೊಂದನ್ನು ಕೇಳುತ್ತಿದ್ದರು. ಆಗ ಆಕೆಯ ಬ್ಯಾಗಿನೊಳಗೆ ಫೋನ್ ಬಡಿದುಕೊಂಡಿತು. ಆಕೆ ತೆಗೆದು ನೋಡಿ, ಯಾರನ್ನೂ ಕೇಳದೆ ಎದ್ದು ಹೊರಗೆ ಹೋದರು. ಲೇಖಕರು ಉತ್ತರ ಶುರು ಮಾಡದೆ ಬಾಗಿಲ ಕಡೆ ನೋಡುತ್ತಾ ಕಾದರು.

ವಾಪಸ್ ಬಂದು ಕೂತಾಗ ನಾನು ಮೆಲ್ಲಗೆ, “ಅವರೇನಾ ಅಕ್ಕ?” ಎಂದೆ.

“ಊಂ ಕಣವ್ವ,” ಎಂದರು ಸೆರಗು ಸರಿಮಾಡಿಕೊಳ್ಳುತ್ತಾ. “ಇವತ್ತು ರೇಟು ಬಿದ್ದೋಯ್ತಂತೆ. ಬಾಳ ಬೇಜಾರು ಮಾಡ್ಕಂಡವ್ರೆ.”